ಇಲ್ಲೆ, ಇಲ್ಲೇ ಮತ್ತು ನನ್ನ ನೀಲಿ ಪಟ್ಟಿ

ನಾನು ‘ಇಲ್ಲ’ ಎಂಬ ಒಂದೇ ಮಾತಿನ ಮೇಲೆ ಆರು ವರ್ಷ ಸಂಶೋಧನೆ ಮಾಡಿದವಳು ಎಂದರೆ ನೀವು ನಗಬಾರದು. ನಕ್ಕರೂ ಬೇಜಾರಿಲ್ಲ, ಅಭ್ಯಾಸವಾಗಿದೆ. ಕಂಪ್ಯೂಟರ್ ವಿಜ್ಞಾನದ ತಳಪಾಯದಲ್ಲಿ ತರ್ಕಶಾಸ್ತ್ರವಿದೆ. ಅದರ ಮಗ್ಗುಲಲ್ಲೇ ಚುಕ್ಕಿಯಿಂದ ಚುಕ್ಕಿಗೆ ಬಾಣ ಎಳೆಯುತ್ತ ಕೂರುವ ಕೆಟಗರಿ ಥಿಯರಿ ಎಂಬ ಗಣಿತವಿದೆ. ನನ್ನ ಬಾಣಗಳೆಲ್ಲ ಹೇಳುವುದು ಇಷ್ಟೇ: ಒಂದು ವಸ್ತು ‘ಇಲ್ಲದಿರಲು ಸಾಧ್ಯವಿಲ್ಲ’ ಎಂದು ಸಾಧಿಸಿದ ಮಾತ್ರಕ್ಕೆ ಅದು ‘ಇದೆ’ ಎಂದಾಗುವುದಿಲ್ಲ. ಇದೆ ಎನ್ನುವವರು ತೋರಿಸಬೇಕು. ಭಟ್ಕಳ ಪೇಟೆಯಲ್ಲಿ ಬೆಳೆದ ನನಗೆ ಮನೆಯ ಕೊಂಕಣಿ, ಶಾಲೆಯ ಕನ್ನಡ, ಪಕ್ಕದ ಮನೆಯ ನವಾಯತಿ, ಅಂಗಡಿಯ ಉರ್ದು, ಹೀಗೆ ನಾಲ್ಕು ಭಾಷೆಗಳಲ್ಲಿ ಇಲ್ಲ ಅನ್ನಲು ಬರುತ್ತದೆ. ಈ ಒಂದು ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸಲಾರರು ಎಂಬ ಜಂಬ ಬೇರೆ.

ಮದುವೆಯಾಗಿ ಬಂದದ್ದು ಕುಮಟಾಕ್ಕೆ, ಐದನೆಯ ಭಾಷೆಯೇ ಅನ್ನಿಸುವಂಥ ಕನ್ನಡ ಮಾತಾಡುವ ಹವ್ಯಕರ ಮನೆಗೆ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಫೋನೆತ್ತಿದರೆ ಇವತ್ತಿಗೂ ಒಂದೊಂದು ಅಕ್ಷರವನ್ನೂ ಎಳೆದು, ಬಿಡಿಸಿ ಹೇಳುತ್ತಾರೆ. ಎರಡನೇ ತಿಂಗಳಿಗೆ ನನ್ನ ಮೊದಲ ದೊಡ್ಡ ಉಪನ್ಯಾಸ ಗೊತ್ತಾಯಿತು. ಸಂಜೆ ನಾಲ್ಕಕ್ಕೆ, ಮನೆಯಲ್ಲೇ ಕಂಪ್ಯೂಟರಿನ ಮುಂದೆ. ಕೇಳುವವರು ದೇಶವಿದೇಶದ ಪಂಡಿತರು. ಅವರು ತಲೆದೂಗಿದರೆ ನನ್ನ ಸಂಶೋಧನೆಗೆ ಮುಂದಿನ ದಾರಿ, ಇಲ್ಲವಾದರೆ ಆರು ವರ್ಷ ನೀರಿನಲ್ಲಿ ಹೋಮ. ಆ ದಿನ ಬೆಳಿಗ್ಗೆ ನಾನು ತವರುಮನೆಯಲ್ಲಿದ್ದೆ. ಚೀಲ ತೆಗೆದು ನೋಡುತ್ತೇನೆ, ಇಡೀ ಸಾಧನೆ, ಅಂದರೆ ನನ್ನ ಪ್ರೂಫ್, ಬರೆದಿಟ್ಟ ನೀಲಿ ಪಟ್ಟಿ (ನಮ್ಮ ಕಡೆ ನೋಟ್‌ಬುಕ್ಕಿಗೆ ಪಟ್ಟಿ ಎನ್ನುತ್ತೇವೆ) ನಾಪತ್ತೆ. ಚೀಲದಲ್ಲಿಲ್ಲ, ಅಮ್ಮನ ಮನೆಯಲ್ಲಿಲ್ಲ, ಅಂದಮೇಲೆ ಕುಮಟಾದಲ್ಲಿ ಇಲ್ಲದಿರಲು ಸಾಧ್ಯವೇ ಇಲ್ಲ ಎಂದುಕೊಂಡು ಅತ್ತೆಗೆ ಫೋನ್ ಮಾಡಿ, ಮೇಜಿನ ಮೇಲೆ ನೀಲಿ ಪಟ್ಟಿ ಉಂಟಾ ಎಂದು ಕೇಳಿದೆ.

ಅವರು ಹೋಗಿ ನೋಡಿ ಬಂದು, “ಇಲ್ಲೇ...” ಎಂದು ಎಳೆದರು.

ಅಬ್ಬ, ಇಲ್ಲೇ ಇದೆಯಲ್ಲ! ನಾನು ಖುಷಿಯಿಂದ ಫೋನಿಟ್ಟು, ಅಮ್ಮನ ಕೈಯ ಊಟ ಹೊಡೆದು, ರೈಲು ಹತ್ತಿ, ಮಂಕಿ ಸ್ಟೇಷನ್ ಬಂದದ್ದೂ ಹೊನ್ನಾವರ ಹೋದದ್ದೂ ತಿಳಿಯದಂತೆ ನಿದ್ದೆ ಮಾಡಿ, ಮೂರು ಗಂಟೆಗೆ ಮನೆ ಮುಟ್ಟಿದೆ. ಮೇಜಿನ ಮೇಲೆ ಅತ್ತೆಯ ಕನ್ನಡಕ ಮಾತ್ರ ಇತ್ತು.

“ಆನು ಇಲ್ಲೆ ಹೇಳೇ ಹೇಳಿದ್ದಿ, ಕೂಸೆ” ಎಂದರು ಅತ್ತೆ, ಪಾಪ, ಗಾಬರಿಯಲ್ಲಿ. ನಾನು ಇಲ್ಲ ಎಂದೇ ಹೇಳಿದ್ದೆ ಎನ್ನುತ್ತಿದ್ದರು; ಅವರ ಮಾತಿನಲ್ಲಿ ‘ಇಲ್ಲೆ’ ಎಂದರೆ ಇಲ್ಲ, ಫೋನಿನಲ್ಲಿ ಎಳೆದದ್ದಕ್ಕೆ ನನಗೆ ‘ಇಲ್ಲೇ’ ಆಗಿತ್ತು. ಕಾಲೇಜಿನ ಹವ್ಯಕ ಗೆಳತಿಯರ ಬಾಯಲ್ಲಿ ನೂರು ಸಲ ಕೇಳಿದ್ದೆ. ಆದರೆ ಬೇಕಾದದ್ದನ್ನೇ ಕೇಳಿಸಿಕೊಳ್ಳುವ ಕಿವಿಗೆ ಯಾವ ಭಾಷೆಯಾದರೇನು?

ಅತ್ತೆ ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಹರಿದು ಕೈಗಿತ್ತರು. ತಾವು ಹೊರಗೆ ಕುರ್ಚಿ ಹಾಕಿ ಕೂತು, ಬಂದವರನ್ನೆಲ್ಲ ಬಾಗಿಲಿನಿಂದಲೇ ಸಾಗಹಾಕಿದರು. ಸಾಧನೆಯ ನಡುವಿನ ಮೆಟ್ಟಿಲು ಏನು ಮಾಡಿದರೂ ನೆನಪಾಗಲಿಲ್ಲ. ಮೇಜಿನ ಮೇಲೆ ಪಟ್ಟಿ ‘ಇಲ್ಲದಿರಲು ಸಾಧ್ಯವಿಲ್ಲ’ ಎಂದು ನಂಬಿ ಕೆಟ್ಟವಳು ತಾನೇ, ಆ ದಾರಿಯನ್ನೇ ಬಿಟ್ಟು, ಬೇಕಾದ ಬಾಣವನ್ನು ಒಂದೊಂದಾಗಿ ಕಟ್ಟಿ, ಎದುರಿಗಿಟ್ಟು ತೋರಿಸಿದೆ. ಉಪನ್ಯಾಸ ಮುಗಿದಾಗ ಒಬ್ಬ ಹಿರಿಯ ಪಂಡಿತರು, ಇಷ್ಟು ಶುಭ್ರವಾದ ಸಾಧನೆ ನೋಡಿ ಬಹಳ ಕಾಲವಾಯಿತು ಎಂದರು. ನಾನು ಹಿಗ್ಗಿ, ಕೈಯಲ್ಲಿದ್ದ ಕ್ಯಾಲೆಂಡರಿನ ಹಾಳೆಗಳ ಸಮೇತ ಕೈಮುಗಿದೆ. ನನಗಿಂತ ಹೆಚ್ಚು ಹಿಗ್ಗಿದವರು ಅತ್ತೆ. ನಮ್ಮನೆ ಕೂಸು ಪಟ್ಟಿ ನೋಡದೇ ಅಷ್ಟೂ ಹೇಳಿತು ಎಂದು ಬೀದಿಗೆಲ್ಲ ಸಾರಿ ಬಂದರು. ಯಾರಾದರೂ ಏನು ಹೇಳಿತು ಎಂದು ಕೇಳಿದರೆ, ಅದು ನಿಮಗೆ ತಿಳಿಯುವಂಥದ್ದಲ್ಲ ಎಂದು ತಾವೇ ತಿಳಿದವರಂತೆ ನಕ್ಕರಂತೆ.

ಎರಡು ದಿನ ಬಿಟ್ಟು ಪಟ್ಟಿ ಸಿಕ್ಕಿತು, ನನ್ನನ್ನು ಭಟ್ಕಳ ಸ್ಟೇಷನ್ನಿನಿಂದ ಕರೆದೊಯ್ದ ತಮ್ಮನ ಸ್ಕೂಟರಿನ ಡಿಕ್ಕಿಯಲ್ಲಿ. ಜೊತೆಗೆ ಬಂಗಡೆ ಮೀನಿನ ಚೀಲವೂ ಇತ್ತೆಂದು ಕಾಣುತ್ತದೆ. ಅವನು ತಂದುಕೊಟ್ಟ ಪಟ್ಟಿ ಮೀನು ನಾರುತ್ತಿದ್ದುದರಿಂದ ಅತ್ತೆ ಅದನ್ನು ಒಳಗೆ ಬಿಡದೆ ಜಗಲಿಯ ಬಿಸಿಲಿಗಿಟ್ಟರು. ನಾನು ಅಲ್ಲೇ ಕೂತು ಆ ಮರೆತ ಮೆಟ್ಟಿಲನ್ನು ಹುಡುಕಿದೆ. ನನ್ನದೇ ದುಂಡು ಅಕ್ಷರಗಳಲ್ಲಿ, ಕೆಳಗೆ ಎರಡು ಗೆರೆ ಎಳೆದು ಬರೆದಿತ್ತು: ಇಲ್ಲದಿರಲು ಸಾಧ್ಯವಿಲ್ಲ, ಆದ್ದರಿಂದ ಇದೆ. ಪಟ್ಟಿ ಸಕಾಲಕ್ಕೆ ಸಿಕ್ಕಿದ್ದರೆ ಅಷ್ಟು ಜನ ಪಂಡಿತರ ಮುಂದೆ, ಆರು ವರ್ಷ ನಾನೇ ಸಲ್ಲದೆನ್ನುತ್ತ ಬಂದ ಇದನ್ನೇ ಗಟ್ಟಿಯಾಗಿ ಓದುತ್ತಿದ್ದೆನಲ್ಲ ಎಂದು ಪಟ್ಟಿಯನ್ನು ಪಟ್ಟನೆ ಮುಚ್ಚಿದೆ.

ಅತ್ತೆ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಇದ್ರಲ್ಲೂ ಸರೀ ಹಂಗೇ ಇದ್ದಾ?” ಎಂದು ಕೇಳಿದರು, ಅವತ್ತು ಉಪನ್ಯಾಸದಲ್ಲಿ ಹೇಳಿದಂತೆಯೇ ಪಟ್ಟಿಯಲ್ಲೂ ಇದೆಯಾ ಎಂದು.

“ಇದ್ದು” ಎಂದೆ.

‘ಇದ್ದು’ ಎಂದರೆ ಇದೆ; ಅವರ ಭಾಷೆಯಲ್ಲಿ ನಾನು ಆಡಿದ ಮೊದಲ ಮಾತು ಅದು. ಎಷ್ಟು ಚೆಂದ ಹೇಳಿದೆ ಎಂದು ಅತ್ತೆ ಕೆನ್ನೆ ಸವರಿದರು. ಹಸೀ ಸುಳ್ಳನ್ನು ನಾನು ಬೇರೆ ಯಾವ ಭಾಷೆಯಲ್ಲೂ ಅಷ್ಟು ಸ್ಪಷ್ಟವಾಗಿ ಉಚ್ಚರಿಸಿದ್ದಿಲ್ಲ.