ಮಿಥುನ ಬಿಟ್ಟ ಖಾಲಿ ಸಾಲು

ಪಟ್ಟಿಯ ತಲೆಯಲ್ಲಿ ಒಂದು ಖಾಲಿ ಸಾಲು ಇಡುವುದನ್ನು ಮಿಥುನ ಮರೆತಿದ್ದ. ಪಾಪ, ಮಾಡಿದ ತಪ್ಪು ಅಷ್ಟೇ. ಹಾಸನದ ಈ ಸಾಫ್ಟ್‌ವೇರ್ ಹುಡುಗ ಧನಕವಡಿ ಬಡಾವಣೆಯ ತನ್ನ ಅಪಾರ್ಟ್‌ಮೆಂಟ್ ಸೊಸೈಟಿಗೆ ಪುಕ್ಕಟೆಯಾಗಿ ದೂರಿನ ಆ್ಯಪ್ ಮಾಡಿಕೊಟ್ಟಿದ್ದ. 'ಯಾರ ಮೇಲೆ ದೂರು?' ಎಂಬಲ್ಲಿ ಒತ್ತಿದರೆ ಎಲ್ಲ ಮನೆಯವರ ಹೆಸರೂ ತಾವಾಗಿ ಬಂದು ಸಾಲಾಗಿ ನಿಲ್ಲುತ್ತಿದ್ದವು. ಮೊದಲ ಹೆಸರು 101ರ ಸುಲಭಾಬಾಯಿಯದು. ಏನೂ ಆರಿಸದಿದ್ದರೆ ಅದೇ ಹೋಗುತ್ತಿತ್ತು. ಆರಿಸುವ ತಾಳ್ಮೆ ಯಾರಿಗಿದೆ? ಲಿಫ್ಟ್ ಕೆಟ್ಟರೂ, ನಾಯಿ ಮೆಟ್ಟಿಲು ಗಲೀಜು ಮಾಡಿದರೂ ದೂರು ಸುಲಭಾಬಾಯಿಯ ಮೇಲೆ.

ಅವರು ಬೇರೆ ಯಾರೂ ಅಲ್ಲ, ಮಿಥುನನ ಮನೆ ಓನರ್. ಅವನಿದ್ದ 201 ಕೂಡ ಅವರದೇ. ಹನ್ನೊಂದು ತಿಂಗಳ ಅಗ್ರಿಮೆಂಟ್ ಆ ಭಾನುವಾರವೇ ಮುಗಿಯುತ್ತಿತ್ತು. ಅವರು ಸಹಿ ಹಾಕದಿದ್ದರೆ ಗಂಟುಮೂಟೆ ಕಟ್ಟುವುದೇ ಗತಿ.

ಭಾನುವಾರ ಬೆಳಗ್ಗೆಯೇ ಬಾಯಿಯವರು ಮೊಬೈಲು ಹಿಡಿದು ಬಂದರು.

"ಇಪ್ಪತ್ತೇಳು ದೂರು ಅದಾವ. ನಮ್ಮನ್ಯಾಗ ನಾಯಿನೇ ಇಲ್ಲ. ಯಾರೋ ಬೇಕಂತ್ಲೇ ಮಾಡ್ಯಾರ. ನನಗ ಸೆಕ್ರೆಟರಿ ಭುಜಂಗರಾಯರ ಮ್ಯಾಲೆ ಡೌಟ್ ಅದ. ಆ ಎದುರುಮನಿ ಲೀಲಾಕ್ಷಿ ಮ್ಯಾಲೂ ಅದ. ಮೊನ್ನೆ ನನ್ನ ನೋಡಿ ಸುಮ್ಸುಮ್ನ ನಕ್ಕಳು."

"ಯಾರೂ ಮಾಡಿಲ್ಲ ಆಂಟಿ. ಲಿಸ್ಟಲ್ಲಿ ನಿಮ್ಮ ಹೆಸರು ಫಸ್ಟ್ ಇದೆ, ಅಷ್ಟೇ."

ಬಾಯಿಯವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಫಸ್ಟ್ ಇಟ್ಟಾಂವ ಯಾರು?"

"ಡೇಟಾಬೇಸ್ ಆಂಟಿ."

"ಅಂವ ಯಾವ ಫ್ಲ್ಯಾಟಿನ್ಯಾಗ ಅದಾನ? ಸಂಜೀಕ ಸೊಸೈಟಿ ಮೀಟಿಂಗಿನ್ಯಾಗ ಎಲ್ಲಾ ಹೊರಗ ಬೀಳ್ಲಿ. ಅಲ್ಲಿತನಕ ಸಹಿ ಇಲ್ಲ."

ಮಿಥುನ ತಿಂಡಿ ಬಿಟ್ಟು ಆ್ಯಪ್ ಸರಿಮಾಡಲು ಕೂತ. ಮೊದಲ ಸಲ ಇಟ್ಟ ಖಾಲಿ ಸಾಲನ್ನು ಹೆಸರುಗಳೆಲ್ಲ ನುಗ್ಗಿ ಬಂದು ಅಳಿಸಿಯೇ ಹಾಕಿದವು. ಸುಲಭಾಬಾಯಿ ಮತ್ತೆ ಮೇಲೇರಿ ಕೂತರು. ಎರಡನೇ ಸಲ ಹೆಸರುಗಳು ಬಂದು ನೆಲೆಯಾಗುವ ತನಕ ಕಾದು, ಆಮೇಲೆ ಖಾಲಿ ಸಾಲನ್ನು ಮೇಲೆ ಸೇರಿಸಿದ. ಪರೀಕ್ಷೆಯನ್ನೂ ಮಾಡಿದ. ಖಾಲಿ ಬಿಟ್ಟರೆ ದೂರು ಹೋಗಲಿಲ್ಲ, ಹೆಸರು ಆರಿಸಿದರೆ ಹೋಯಿತು. ಗಡಿಯಾರ ನೋಡಿದರೆ ಹನ್ನೊಂದು ಗಂಟೆ. ನೆಮ್ಮದಿಯಾಗಿ ಅವಲಕ್ಕಿ ತಿಂದ.

ಸಂಜೆ ಸೊಸೈಟಿ ಆಫೀಸಿನಲ್ಲಿ ಎಲ್ಲರೆದುರು ಎದೆಯುಬ್ಬಿಸಿ ಹೇಳಿದ: "ಬೆಳಗ್ಗೇನೇ ಸರಿ ಮಾಡಿದೀನಿ ಆಂಟಿ. ಇನ್ಮೇಲೆ ಯಾರಾದ್ರೂ ಬೇಕಂತ್ಲೇ ಆರಿಸಿದ್ರೆ ಮಾತ್ರ ನಿಮ್ಮ ಹೆಸರು ಹೋಗೋದು. ಗ್ಯಾರಂಟಿ."

ಬಾಯಿಯವರ ಮುಖ ಸಡಿಲವಾಯಿತು. ಅಗ್ರಿಮೆಂಟ್ ಬಿಚ್ಚಿ ಪೆನ್ನು ತೆಗೆದರು. ಅಷ್ಟರಲ್ಲಿ ಭುಜಂಗರಾಯರು ಮೊಬೈಲು ಕಣ್ಣಿಗೆ ಹತ್ತಿರ ಹಿಡಿದರು.

"ಇವತ್ತ ಹನ್ನೊಂದಕ್ಕ ಒಂದು ಬಂದದಲ್ರೀ, 101ರ ಮ್ಯಾಲೆ. 'ಬೆಳಗ್ಗೆ ಐದಕ್ಕೇ ಮಿಕ್ಸಿ ಸದ್ದು, ನಿದ್ದೆ ಇಲ್ಲ' ಅಂತ."

"ಅಂದ್ರ ಇದು ಬೇಕಂತ್ಲೇ ಆರಿಸಿದ್ದು," ಎಂದರು ಬಾಯಿ ನಿಧಾನವಾಗಿ. "ಯಾರು ಕಳ್ಸ್ಯಾರ?"

"201."

"ಆಂಟಿ, ಅದು ಟೆಸ್ಟಿಂಗು," ಎಂದು ಮಿಥುನ ತೊದಲಿದ. "ಖಾಲಿ ಸಾಲಿನ ಕೆಳಗೆ ಮೊದಲು ಸಿಕ್ಕಿದ್ದು ನಿಮ್ಮ ಹೆಸರು. ಬರೆಯೋಕೆ ಏನೋ ಒಂದು ಬೇಕಿತ್ತು, ತಲೆಗೆ ಬಂದಿದ್ದು ಬರೆದೆ."

ಬಾಯಿಯವರು ಪೆನ್ನಿನ ಮುಚ್ಚಳ ಹಾಕಿ, ಅಗ್ರಿಮೆಂಟಿನಲ್ಲಿ ಓನರ್ ಸಹಿಯ ಜಾಗವನ್ನು ಬೆರಳಿಟ್ಟು ತೋರಿಸಿದರು.

"ಈ ಸಾಲೂ ಖಾಲಿನೇ ಇರ್ಲಿ ಬಿಡಪಾ."