ಹಗೇವಿನೊಳಗಿನ ರೇಡಿಯಂ ಗಡಿಯಾರ

ಮಾವ ಕೊಟ್ಟ ಕೈಗಡಿಯಾರವನ್ನು ವೈಜಿನಾಥ ತೆಪ್ಪಗೆ ಕಟ್ಟಿಕೊಂಡಿದ್ದರೆ ಆಗುತ್ತಿತ್ತು. ಆದರೆ ಅವನ ಬಾಯಿ ಸುಮ್ಮನಿರಬೇಕಲ್ಲ! ಮಗಳನ್ನು ನೋಡಲು ಕೊಡಂಬಲದಿಂದ ಹುಮನಾಬಾದಿಗೆ ಬಂದಿದ್ದ ಮಾವ ಗುಂಡಪ್ಪನವರ ಎದುರಿಗೇ, "ಇದು ಅಸಲಿ ರೇಡಿಯಂ ಅಲ್ರಿ ಮಾವಾರ," ಎಂದುಬಿಟ್ಟ.

ಗುಂಡಪ್ಪನವರ ಮುಖ ಕೆಂಪಾಯಿತು. "ನಕಲಿ ಇದ್ರ ಬಂಗಾರದ ಉಂಗುರ ಹಾಕ್ತೀನಿ. ಅಸಲಿ ಇದ್ರ ನಾಕು ಮಂದಿ ಮುಂದ ನನ್ನ ಕಾಲು ಹಿಡೀಬೇಕ್ರಿ ಅಳಿಯಂದ್ರ."

ಪಕ್ಕದ ಮನೆಯ ಬಸವಣಪ್ಪ ಕರೆಯದೆಯೇ ಹಾಜರಾದ. ಹೈದರಾಬಾದಿನಲ್ಲಿ ಅಷ್ಟಿಷ್ಟು ವಿಜ್ಞಾನ ಓದಿ ಬಂದವನು ಅವನು.

"ಅಸಲಿ ರೇಡಿಯಂ ತಾನಾಗೇ ಒಡೀತಿರ್ತದ್ರಿ. ಒಡೆದಾಗ ಆಲ್ಫಾ ಅನ್ನೋ ಕಣ ಸಿಡೀತಾವ. ಅವು ಬಡಿದ್ರ ಅಂಕಿ ಮ್ಯಾಲಿನ ಪುಡಿ ಹೊಳೀತದ, ಬಿಸಿಲು ಬ್ಯಾಡ. ನಕಲಿ ಆದ್ರ ಬಿಸಿಲು ಕುಡಿದು ಹೊಳೀತದ. ಸಂಜೀತನ ಕತ್ತಲದಾಗ ಇಟ್ರ ಆರಿಹೋಗ್ತದ."

"ಹಗಲಿನಾಗ ಅಷ್ಟು ಕತ್ತಲ ಎಲ್ಲದ?" ಎಂದರು ಗುಂಡಪ್ಪ.

"ಇವ್ರ ಅಂಗಳದ ಹಗೇವಿನಾಗ!"

ಅದು ಯುದ್ಧದ ಕಾಲ. ಸರ್ಕಾರ ಮನೆಮನೆಯಿಂದ ಲೆವಿ ಎಂದು ಕಡ್ಡಾಯವಾಗಿ ಜೋಳ ಎತ್ತುತ್ತಿತ್ತು. ವೈಜಿನಾಥ ಇಡೀ ವರ್ಷದ ಜೋಳವನ್ನು ನೆಲದೊಳಗಿನ ಆ ಹಗೇವಿನಲ್ಲಿ ಬಚ್ಚಿಟ್ಟು, ಅದು ಖಾಲಿ ಎಂದು ಊರಿಗೆಲ್ಲ ಸಾರಿದ್ದ.

"ಅಲ್ಲಿ ಬ್ಯಾಡ್ರಿ, ಹುಳಹುಪ್ಪಡಿ ಇರ್ತಾವ."

"ಖಾಲಿ ಅದ ಅಂತ ನೀವೇ ಹೇಳ್ತೀರಿ. ಗಡಿಯಾರ ಇಡಾಕ ಏನಡ್ಡಿ?" ಎಂದ ಬಸವಣಪ್ಪ.

ಒಲ್ಲೆನೆಂದರೆ ಅನುಮಾನ. "ಹಗೇವಿನ ಗಾಳಿ ಕೆಟ್ಟದ್ದು, ದೂರ ಸರೀರಿ," ಎಂದು ಎಲ್ಲರನ್ನೂ ಅಟ್ಟಿ, ಗಡಿಯಾರವನ್ನು ಜೋಳದ ಮೇಲಿಟ್ಟು ಬಂಡೆ ಮುಚ್ಚಿದ.

ಸಂಜೆಗೆ ಅಂಗಳ ತುಂಬಿತು. ಗದ್ದಲ ಕೇಳಿ ಲೆವಿ ಎತ್ತುವ ಗಿರ್ದಾವರ ಅಬ್ದುಲ್ ಕರೀಂ ಸಾಹೇಬರೂ ಬಂದು ನಿಂತರು. ಅವರನ್ನು ಕಂಡು ವೈಜಿನಾಥ ಬಂಡೆಗೆ ಅಡ್ಡವಾಗಿ ನಿಂತ.

"ನಾಳಿಗಿ ನೋಡೋಣಂತ್ರಿ," ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಂಡೆ ಸರಿಸಿ, ಬೆಳಕು ಬೀಳದಂತೆ ಕಂಬಳಿ ಹೊದ್ದು ಒಬ್ಬೊಬ್ಬರೇ ಬಗ್ಗಿ ನೋಡಿದರು. ಗವ್ವೆನ್ನುವ ಕತ್ತಲಲ್ಲಿ ಹಸಿರು ಅಂಕಿಗಳಷ್ಟೇ ಮಿನುಗುತ್ತಿದ್ದವು.

"ಅಸಲಿ ಅದ!"

ವೈಜಿನಾಥ ಖುಷಿಯಿಂದಲೇ ಮಾವನ ಕಾಲು ಹಿಡಿದ. ಮಾನ ಹೋದರೂ ಜೋಳ ಉಳಿಯಿತಲ್ಲ! ಗಡಬಡಿಸಿ ಬಂಡೆ ಎಳೆಯಹೋದ.

"ತಡೀರಿ, ನಾನೂ ನೋಡ್ತೀನಿ," ಎಂದರು ಸಾಹೇಬರು. ಕಂಬಳಿಯೊಳಗೆ ಬಹಳ ಹೊತ್ತು ಇದ್ದು ಹೊರಬಂದರು.

"ಘಡಿ ಅಸಲಿ ಅದ ಖರೆ. ಆದ್ರ ಹಗೇವು ಎರಡಾಳು ಆಳ ಇರ್ತದ. ಅಂಕಿ ಕೈಗೆ ಸಿಗೋಹಂಗ ಕಾಣಾಕತ್ತಾವ. ಘಡಿ ಯಾದರ ಮ್ಯಾಲ ಕುಂತದ?"

ಸಾಹೇಬರು ಒಳಗೆ ಕೈ ಬಿಟ್ಟು ಒಂದು ಹಿಡಿ ಜೋಳ ಮೇಲೆತ್ತಿದರು.

ಕತ್ತಲಾಗುವ ಹೊತ್ತಿಗೆ ಜೋಳ ತುಂಬಿದ ಚೀಲಗಳೆಲ್ಲ ಸರ್ಕಾರದ ಬಂಡಿ ಏರಿದವು. ಗಡಿಯಾರವನ್ನು ಮತ್ತೆ ಕೈಗೆ ಕಟ್ಟಿಕೊಂಡು ವೈಜಿನಾಥ ಗೋಡೆಗೊರಗಿ ಕುಸಿದು ಕೂತಿದ್ದ.

"ಊಟದ ಹೊತ್ತಾತೇನ್ರಿ ಅಳಿಯಂದ್ರ?" ಗುಂಡಪ್ಪ ಕೇಳಿದರು.

ವೈಜಿನಾಥ ಮಣಿಕಟ್ಟು ನೋಡಿಕೊಂಡ. ದೀಪವಿಲ್ಲದಿದ್ದರೂ ಊಟದ ಹೊತ್ತು ಸ್ಪಷ್ಟವಾಗಿ ಹೊಳೆಯುತ್ತಿತ್ತು.