ಗೊರಕೆ ಹೊಡೆದ ಅಂಗಡಿ

ನಮ್ಮ ಬೀದಿಯಲ್ಲಿ ಹಾಡಹಗಲೇ ಕಳ್ಳನನ್ನು ಪತ್ತೆ ಹಚ್ಚಿದ ಗಂಡುಗಲಿ ಯಾರು ಅಂತ ಕೇಳಿ ನೋಡಿ. ಎಲ್ಲರೂ ನನ್ನ ಕಡೆಗೇ ಬೊಟ್ಟು ಮಾಡುತ್ತಾರೆ. ಹಿನ್ನೆಲೆ ಸಂಗೀತ ಒಂದಿರಲಿಲ್ಲ, ಮಿಕ್ಕಿದ್ದೆಲ್ಲ ಪಕ್ಕಾ ಹೀರೋ ಎಂಟ್ರಿ! ಆದರೆ ಕತೆ ನನ್ನದಲ್ಲ, ಟೈಲರ್ ಅಣ್ಣನದು.

ಹನ್ನೊಂದು ವರ್ಷದಿಂದ ಒಂದು ದಿನವೂ ರಜೆ ಹಾಕದ ಆಸಾಮಿ. ಊಟಕ್ಕೆ ಕೂತರೂ ಕಾಲು ತಾನಾಗಿ ಪೆಡಲ್ ತುಳಿಯುತ್ತಿತ್ತು. ಮೊನ್ನೆ ನಿದ್ದೆಗಣ್ಣಲ್ಲಿ ಹೆಂಡತಿಯ ತೋಳನ್ನೇ ಅಳೆದು, "ಹದಿನಾಲ್ಕೂವರೆ. ಬುಧವಾರ ಬನ್ನಿ" ಅಂದುಬಿಟ್ಟ. ಅವಳು ತೀರ್ಪು ಕೊಟ್ಟಳು:

"ರೀ, ಇವತ್ತು ಪೂರ್ತಿ ರೆಸ್ಟು. ಕದ್ದುಮುಚ್ಚಿ ಕೆಲಸ ಮಾಡಿದ್ರೆ ನಾಳೆ ಆ ಮಿಷನ್ನು ಗುಜರಿಗೆ!"

ಮಿಷನ್ ಅವನ ಅಪ್ಪನ ಕಾಲದ್ದು. ಗುಜರಿ ಎಂದೊಡನೆ ಅಣ್ಣ ಹೊರಡಲು ಮೆಟ್ಟಿದ್ದ ಚಪ್ಪಲಿ ಬಿಚ್ಚಿದ. ತೆಪ್ಪಗೆ ಮನೆಯಲ್ಲಿ ಚಾಪೆ ಹಾಸಿ ಮಲಗಿದ.

ಮಲಗಲು ಬಿಟ್ಟರೆ ತಾನೆ? ಅಂಗಡಿಗೆ ಬೀಗ ಬಿದ್ದದ್ದು ಕಂಡು ಇಡೀ ಬೀದಿಗೆ ಕುತೂಹಲದ ತುರಿಕೆ ಹತ್ತಿತು. ಮೊದಲು ಬಂದವರು ನಿವೃತ್ತ ಮೇಷ್ಟ್ರು.

"ಏನಯ್ಯಾ, ಹುಷಾರಿಲ್ವಾ?"

"ಚೆನ್ನಾಗಿದೀನಿ ಮೇಷ್ಟ್ರೇ. ರೆಸ್ಟು."

"ಏನೂ ಆಗದೆ ಯಾರಾದ್ರೂ ರೆಸ್ಟ್ ತಗೋತಾರಾ? ಮುಚ್ಚಿಡಬೇಡ."

ಆಮೇಲೆ ಬೀಗ ರಿಪೇರಿಯವನು ರೋಗಿಯನ್ನು ನೋಡಲು ಬಂದವನಂತೆ ನಾಲ್ಕು ಬಾಳೆಹಣ್ಣು ತಂದ. ತರಕಾರಿ ಅಂಗಡಿ ಅಕ್ಕನಂತೂ ಹೆಂಡತಿಯ ಕಿವಿಯಲ್ಲಿ, "ಡಾಕ್ಟ್ರು ಎಷ್ಟು ದಿನ ಅಂದ್ರು?" ಎಂದು ಕಣ್ಣೊರೆಸಿಕೊಂಡಳು.

ಅವರಿಬ್ಬರೂ ಮಾತಿಗಿಳಿದಾಗ ಅಣ್ಣ ಮೆಲ್ಲಗೆ ನುಣುಚಿಕೊಂಡ. ಇವತ್ತು ಯಾರೂ ಹುಡುಕದ ಜಾಗ ಒಂದೇ, ಅವನ ಅಂಗಡಿ! ಹಿಂಬಾಗಿಲಿನಿಂದ ಒಳನುಗ್ಗಿ, ಬಟ್ಟೆರಾಶಿಯ ಮೇಲೆ ಬಿದ್ದ. ಅರೆನಿಮಿಷದಲ್ಲಿ ಗೊರಕೆ. ಹಳೇ ಲಾರಿ ಗುಡ್ಡ ಹತ್ತಿದಂತೆ.

ಮುಂಬಾಗಿಲಿಗೆ ಬೀಗ, ಒಳಗೆ ಗೊರಕೆ! "ಕಳ್ಳ! ಕಳ್ಳ!" ಎಂದು ಅಂಗಡಿಯ ಮುಂದೆ ನಿಂತಿದ್ದ ನಾನು ಗಂಟಲು ಹರಿಯುವಂತೆ ಕೂಗಿದೆ. ಜನ ಜಮಾಯಿಸಿದರು.

"ಕದಿಯೋಕೆ ಬಂದವನು ನಿದ್ದೆ ಮಾಡ್ತಾನಾ?" ಎಂದರು ಮೇಷ್ಟ್ರು.

"ಪಾಪ, ನೈಟ್ ಡ್ಯೂಟಿ. ಅವನಿಗೂ ಸುಸ್ತಾಗಲ್ವಾ?" ಎಂದಳು ತರಕಾರಿ ಅಕ್ಕ.

ಮೇಷ್ಟ್ರು ಛತ್ರಿ ಹಿಡಿದು ಹಿಂಬಾಗಿಲು ಕಾಯಲು ಹೋದರು. ಅಲ್ಲಿನ ಮೊಳೆಗೆ ಸಿಕ್ಕಿ ಅವರ ಅಂಗಿಯ ತೋಳು ಹರಿಯಿತು. ಇತ್ತ ಬೀಗದವನು ಬೀಗ ತೆಗೆದು, ಶಟರ್ ಎತ್ತಲು ಬಗ್ಗಿದ. ಅವನ ಪ್ಯಾಂಟು ಪರ್ರ್ ಎಂದಿತು.

ಆ ಗದ್ದಲಕ್ಕೆ ಅಣ್ಣನಿಗೆ ಎಚ್ಚರವಾಯಿತು. ಓಡೋಣವೆಂದರೆ ಹಿಂದೆ ಮೇಷ್ಟ್ರು. ಅಂಗಡಿಯಲ್ಲಿ ಸಿಕ್ಕಿಬಿದ್ದರೆ ಮಿಷನ್ ಗುಜರಿಗೆ! ನೇತಾಡುತ್ತಿದ್ದ ಅರೆಹೊಲಿದ ಕೋಟು ತೊಟ್ಟು, ಶೋಕೇಸಿನ ಗೊಂಬೆಯ ಪಕ್ಕ ಇನ್ನೊಂದು ಗೊಂಬೆಯಾಗಿ ನಿಂತ.

"ಕಳ್ಳ ಎಲ್ಲೂ ಇಲ್ವಲ್ಲ!" ಬೀಗದವನು ಅಣ್ಣನ ಹೊಟ್ಟೆಗೆ ಬೆರಳಿಟ್ಟ. "ಗೊಂಬೆಗೆ ಬೆವರು ಬರತ್ತಾ ಮೇಷ್ಟ್ರೇ?"

"ಹೊಸ ಮಾಡೆಲ್ ಇರಬೇಕು" ಎಂದರು ಹಿಂಬಾಗಿಲಿನಿಂದ ಒಳಬಂದ ಮೇಷ್ಟ್ರು.

ಅಷ್ಟರಲ್ಲಿ ಹೆಂಡತಿ ಓಡಿಬಂದಳು. ಗೊಂಬೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಗೊಂಬೆ ಹಾಕಿರೋ ಚಪ್ಪಲಿ ನಮ್ಮನೇದು."

ಗೊಂಬೆ ಸೀನಿತು. ಕೋಟು ಬೆನ್ನಲ್ಲಿ ಎರಡು ಹೋಳಾಯಿತು.

"ನಿನ್ನಾಣೆಗೂ ಮಲಗೋಕೆ ಬಂದಿದ್ದೆ ಕಣೇ! ಮಿಷನ್ ಮುಟ್ಟಿಲ್ಲ!"

ಅವಳು ಮಿಷನ್ನಿನ ಹೊದಿಕೆಯ ಮೇಲೆ ಬೆರಳಾಡಿಸಿದಳು. ನಿನ್ನೆ ರಾತ್ರಿ ಕಟ್ಟಿದ ಗಂಟು ಬಿಚ್ಚಿರಲಿಲ್ಲ. ಮುಖ ಮೆತ್ತಗಾಯಿತು. "ಹೋಗಲಿ, ಮನೆಗೆ ಬಂದು ಮಲ್ಕೊಳ್ಳಿ" ಎನ್ನುವಷ್ಟರಲ್ಲಿ ಮೇಷ್ಟ್ರು ತೋಳು ತೋರಿಸಿದರು. ಬೀಗದವನು ಬ್ಯಾಗಿನಿಂದ ಹಿಂಭಾಗ ಮುಚ್ಚಿಕೊಂಡು ಗೋಡೆಗೆ ಒರಗಿದ.

"ಅಯ್ಯೋ, ನಿಮಗೋಸ್ಕರ ಓಡಿಬಂದು ಹೀಗಾಯ್ತಲ್ರೀ! ಎರಡೆರಡು ಹೊಲಿಗೆ ಹಾಕ್ಕೊಡಿ" ಎಂದಳು ಹೆಂಡತಿ.

"ನನ್ನ ರೆಸ್ಟು?"

"ಅದು ನಾಳೆ."

ಅಣ್ಣ ಮಿಷನ್ನಿಗೆ ಕೂತ. ಸಾಲು ಕಂಡವರು ಮನೆಯಿಂದ ಹಳೇ ಹರಿದ ಬಟ್ಟೆಗಳನ್ನೂ ಹೊತ್ತು ತಂದರು. ಕಾಯುತ್ತ ಬಟ್ಟೆರಾಶಿಯ ಮೇಲೆ ಕೂತ ಹೆಂಡತಿ, "ಅಬ್ಬಾ, ಎಷ್ಟು ಮೆತ್ತಗಿದೆ!" ಎಂದು ಅಡ್ಡಾದಳು. ಸಂಜೆಯವರೆಗೂ ಅಂಗಡಿ ಮತ್ತೆ ಗೊರಕೆ ಹೊಡೆಯಿತು.

ಇನ್ನು ನಿಜ ಹೇಳಿಬಿಡುತ್ತೇನೆ. ಆ ಗೊರಕೆ ಟೈಲರ್ ಅಣ್ಣನದೇ ಅಂತ ನನಗೆ ಮೊದಲೇ ಗೊತ್ತಿತ್ತು. ಮರುದಿನ ಗೆಳೆಯನ ಮದುವೆ, ನನ್ನ ಕೋಟು ಒಳಗಿತ್ತು. ಅಣ್ಣನನ್ನು ಎಬ್ಬಿಸಲೆಂದೇ ಕಳ್ಳ ಅಂತ ಕೂಗಿದ್ದೆ. ಅವನು ತೊಟ್ಟು ಸೀಳಿದ್ದು ಅದೇ ಕೋಟು. ಸೀಳಿದ ಕೋಟು ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಕೊನೆಯವನು ನಾನು. ನನ್ನ ಸರದಿ ಬರುವಷ್ಟರಲ್ಲಿ ಹೆಂಡತಿ ಎದ್ದು, "ಸಾಕು, ರೆಸ್ಟು!" ಎಂದು ಶಟರ್ ಎಳೆದಳು.

ಮದುವೆಯ ಫೋಟೋ ನೋಡಿ. ಎಲ್ಲದರಲ್ಲೂ ನಾನು ಗೋಡೆಗೆ ಬೆನ್ನು ಕೊಟ್ಟೇ ನಿಂತಿದ್ದೇನೆ.